ರಿವೆನ್ ಆಟದ ಗುಮ್ಮಟದ ಕೋಡ್: ಇಪ್ಪತ್ತೈದರ ಲೆಕ್ಕ ಕಲಿಯೋದು ಹೀಗೆ

ರಿವೆನ್ ಅನ್ನೋ ಕಂಪ್ಯೂಟರ್ ಆಟದ ಖಳ ಗೆನ್. ಅವನ ಪ್ರಯೋಗಾಲಯದಲ್ಲಿ ಒಂದು ಡೈರಿ ಇದೆ. ಪುಟ ತಿರುವುತ್ತಾ ಹೋದರೆ ಒಂದು ಕಡೆ ಐದು ಪುಟ್ಟ ಚೌಕಗಳು ಕಾಣುತ್ತವೆ. ಚೌಕಗಳ ಒಳಗೆ ಗೆರೆ, ಬಿಲ್ಲು, ಕೋನ, ಮೂಲೆ. ಆಟದ ದ್ವೀಪಗಳಲ್ಲಿರುವ ಗುಮ್ಮಟದ ಬೀಗದ ಕೋಡ್ ಅದೇ. ಓದೋಕೆ ಬಂದರೆ ಬೀಗ ತೆಗೆಯುತ್ತದೆ. ಬರದಿದ್ದರೆ ಆಟ ಅಲ್ಲೇ ನಿಂತುಬಿಡುತ್ತದೆ.

ಇಲ್ಲಿಗೆ ಬಂದ ಕೂಡಲೇ ತುಂಬಾ ಜನ ಉತ್ತರ ಹುಡುಕೋಕೆ ಹೊರಡುತ್ತಾರೆ. ಬೇರೆ ಯಾರೋ ಆಡಿ ಬರೆದಿಟ್ಟ ಐದು ಅಂಕಿಗಳನ್ನು ತಂದು ಹಾಕುತ್ತಾರೆ. ಬೀಗ ತೆಗೆಯೋದಿಲ್ಲ. ಯಾಕೆಂದರೆ ಪ್ರತಿ ಸಲ ಹೊಸ ಆಟ ಶುರು ಮಾಡಿದಾಗ ಈ ಕೋಡ್ ಬದಲಾಗುತ್ತದೆ. ನಿಮ್ಮ ಡೈರಿಯಲ್ಲಿ ಇರೋದು ನಿಮ್ಮ ಆಟಕ್ಕೆ ಮಾತ್ರ. ಹಾಗಾಗಿ ಈ ಲೇಖನದಲ್ಲಿ ಉತ್ತರ ಇಲ್ಲ, ಅಂಕಿ ಓದುವ ವಿಧಾನ ಇದೆ. ಅದನ್ನು ಕಲಿತರೆ ಯಾವ ಕೋಡ್ ಬಂದರೂ ಓದಬಹುದು. ಬಾಯಿಪಾಠ ಮಾಡಬೇಕಾದ್ದು ಬರೀ ನಾಲ್ಕು ಆಕಾರ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರಿವೆನ್ 1997ರಲ್ಲಿ ಬಂತು. ಸಯಾನ್ ಕಂಪನಿ ಮಾಡಿದ್ದು, ಮಿಸ್ಟ್ ಆಟದ ಮುಂದಿನ ಭಾಗ. ಆಗ ಐದು ಸಿಡಿಗಳಲ್ಲಿ ಬರುತ್ತಿತ್ತು. 2024ರಲ್ಲಿ ಇದನ್ನೇ ಹೊಸದಾಗಿ ಕಟ್ಟಿ ಬಿಟ್ಟಿದ್ದಾರೆ, ಅದರಲ್ಲಿ ಕೆಲವು ಒಗಟುಗಳು ಬೇರೆ. ನಾನು ಹೇಳುತ್ತಿರೋದು 1997ರ ಆಟದ ಬಗ್ಗೆ. ಕಥೆಯ ತಿರುವುಗಳನ್ನು ಆದಷ್ಟು ಬಿಟ್ಟಿದ್ದೇನೆ.

ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು

ಈ ಆಟದ ಅಂಕಿಗಳು ಡನೀ ಅನ್ನೋ ಜನರವು. ನಮ್ಮ ಲೆಕ್ಕ ಹತ್ತರ ಮೇಲೆ ನಿಂತಿದೆ: 0ಯಿಂದ 9ರ ತನಕ ಹತ್ತು ಅಂಕಿ, ಆಮೇಲೆ ಮುಂದಿನ ಮನೆಗೆ ದಾಟುತ್ತೇವೆ. ಡನೀ ಲೆಕ್ಕ ಇಪ್ಪತ್ತೈದರ ಮೇಲೆ ನಿಂತಿದೆ. 0ಯಿಂದ 24ರ ತನಕ ಒಂದೇ ಚೌಕದಲ್ಲಿ ಮುಗಿಯುತ್ತದೆ.

ಬೇರೆ ಬುನಾದಿಯ ಲೆಕ್ಕ ಅಂದರೆ ಹೆದರುವವರಿಗೆ ನಾನು ಯಾವಾಗಲೂ ಆಣೆಯ ಲೆಕ್ಕ ನೆನಪಿಸುತ್ತೇನೆ. ನಮ್ಮ ಅಜ್ಜಿ ಸಂತೆಯಲ್ಲಿ ಮಾಡುತ್ತಿದ್ದದ್ದು ಅದೇ ಅಲ್ವಾ? 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬರುವ ತನಕ ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 4 ಪೈಸೆ. ಮೂರು ರೂಪಾಯಿ ಏಳಾಣೆ ಎರಡು ಪೈಸೆ ಅಂದರೆ ಒಟ್ಟು ಎಷ್ಟು ಪೈಸೆ? ರೂಪಾಯಿಯ ಮನೆಗೆ 64ರ ಬೆಲೆ, ಆಣೆಯ ಮನೆಗೆ 4ರ ಬೆಲೆ. 192, 28, 2. ಕೂಡಿದರೆ 222. ಶಾಲೆಗೆ ಹೋಗದವರೂ ಇದನ್ನು ಬಾಯಲ್ಲೇ ಮಾಡುತ್ತಿದ್ದರು. ‘ಹದಿನಾರಾಣೆ ಸತ್ಯ’ ಅಂತ ಇವತ್ತಿಗೂ ನಾವು ಹೇಳೋದು ಆ ಲೆಕ್ಕದಿಂದಲೇ. ಮನೆಗೊಂದು ಬೆಲೆ, ಆ ಮನೆಯಲ್ಲಿ ಎಷ್ಟಿದೆಯೋ ಅಷ್ಟರಿಂದ ಗುಣಿಸೋದು, ಎಲ್ಲ ಕೂಡೋದು. ಡನೀ ಲೆಕ್ಕದಲ್ಲೂ ಇಷ್ಟೇ ಕೆಲಸ.

ಒಂದನೇ ಹೆಜ್ಜೆ: ಚೌಕುಳಿ ನೋಟ್‌ಬುಕ್ ತೆಗೆದುಕೊಳ್ಳಿ

ಫೋನಿನಲ್ಲಿ ಫೋಟೋ ಹೊಡೆದರೆ ಸಾಕು ಅನ್ನಿಸಬಹುದು. ಆದರೆ ಕೈಯಲ್ಲಿ ಬರೆದಾಗ ಆಗುವ ಪರಿಚಯ ಫೋಟೋದಲ್ಲಿ ಆಗೋದಿಲ್ಲ. ಮಕ್ಕಳ ಲೆಕ್ಕದ ಚೌಕುಳಿ ನೋಟ್‌ಬುಕ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಡನೀ ಅಂಕಿಗಳೂ ಚೌಕದ ಒಳಗೇ ಕೂರುತ್ತವೆ.

ಪುಟದ ಮೇಲಂಚಿಗೆ ಒಂದು ಬಾಣ ಹಾಕಿ ‘ಮೇಲೆ’ ಅಂತ ಬರೆದುಕೊಳ್ಳಿ. ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಈ ಲೆಕ್ಕದಲ್ಲಿ ಆಗುವ ಅರ್ಧಕ್ಕರ್ಧ ತಪ್ಪು ಬಾಣ ಇಲ್ಲದೆ ಆಗುವಂಥದ್ದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೇ ಹೆಜ್ಜೆ: ಶಾಲೆಗೆ ಹೋಗಿ

ಕಾಡಿನ ದ್ವೀಪದ ಹಳ್ಳಿಯಲ್ಲಿ ಒಂದು ಪುಟ್ಟ ಶಾಲೆ ಇದೆ. ಸಬ್‌ಮರೀನ್‌ನಲ್ಲಿ ಕೂತು ಹೋಗಬೇಕು. ಒಳಗೆ ಒಂದು ಆಟಿಕೆ: ಮೇಲಿನಿಂದ ಎರಡು ಗೊಂಬೆಗಳು ನೇತಾಡುತ್ತಿವೆ, ಕೆಳಗೆ ವಾರ್ಕ್ ಅನ್ನೋ ಕಡಲ ಪ್ರಾಣಿ ಬಾಯಿ ತೆರೆದಿದೆ. ಒಂದು ಕಡೆಯ ಹಿಡಿ ಎಳೆದರೆ ಒಂದು ಚಿಹ್ನೆ ಬರುತ್ತದೆ. ಆ ಕಡೆಯ ಗೊಂಬೆ ಅಷ್ಟು ಹಂತ ಕೆಳಗೆ ಇಳಿಯುತ್ತದೆ. ಮಕ್ಕಳಿಗೆ ಅಂಕಿ ಕಲಿಸೋಕೆ ಇಂಥ ಆಟಿಕೆ ಇಟ್ಟವನು ಎಂಥ ಮನುಷ್ಯ ಇರಬೇಕು ಅಂತ ಅಲ್ಲೇ ಮನಸ್ಸು ಮುದುಡುತ್ತದೆ. ಗೆನ್ ಯಾರು ಅನ್ನೋದನ್ನು ಒಂದು ಮಾತೂ ಆಡದೆ ಆಟ ತೋರಿಸಿಬಿಡುತ್ತದೆ.

ನಿಮ್ಮ ಕೆಲಸ ಇಷ್ಟು: ಹಿಡಿ ಎಳೆಯಿರಿ, ಚಿಹ್ನೆ ನೋಡಿ, ಗೊಂಬೆ ಎಷ್ಟು ಹಂತ ಇಳಿಯಿತು ಅಂತ ಕಿವಿಗೊಟ್ಟು ಎಣಿಸಿ. ಪ್ರತಿ ಹಂತಕ್ಕೂ ಸದ್ದು ಬರುತ್ತದೆ. ಎಣಿಸಿದ ಸಂಖ್ಯೆಯನ್ನು ನಮ್ಮ ಅಂಕಿಯಲ್ಲಿ ಬರೆದು, ಪಕ್ಕದ ಚೌಕದಲ್ಲಿ ಆ ಚಿಹ್ನೆ ಬಿಡಿಸಿ. ಬಂದ ಚಿಹ್ನೆಯೇ ಮತ್ತೆ ಬರಬಹುದು, ಬೇಸರ ಮಾಡಿಕೊಳ್ಳಬೇಡಿ. 1ರಿಂದ 10ರ ತನಕ ಹತ್ತೂ ಸಿಗುವ ತನಕ ಆಡಿ. ಈ ಆಟಿಕೆ ಹತ್ತಕ್ಕಿಂತ ಮುಂದೆ ಕಲಿಸೋದಿಲ್ಲ. ಮುಂದಿನದನ್ನು ನಾವೇ ಕಂಡುಕೊಳ್ಳಬೇಕು.

ಮೂರನೇ ಹೆಜ್ಜೆ: ಹತ್ತು ಚಿಹ್ನೆಗಳನ್ನು ಎರಡು ಸಾಲಾಗಿ ಇಡಿ

ಮೇಲಿನ ಸಾಲಿನಲ್ಲಿ 1, 2, 3, 4, 5. ಅದರ ಕೆಳಗೆ 6, 7, 8, 9, 10. ಈಗ ಸುಮ್ನೆ ನೋಡುತ್ತಾ ಕೂತಿರಿ.

1 ಅಂದರೆ ಚೌಕದ ನಡುವೆ ನೆಟ್ಟಗೆ ನಿಂತ ಒಂದು ಗೆರೆ. 2 ಬಿಲ್ಲಿನ ಹಾಗೆ ಬಾಗಿದೆ. 3 ಕೋನದ ಹಾಗೆ ಮುರಿದಿದೆ. 4 ಬಡಗಿಯ ಮೂಲೆಮಟ್ಟದ ಹಾಗಿದೆ. ಈ ನಾಲ್ಕೇ ಮೂಲ ಆಕಾರಗಳು.

5 ನೋಡಿ. ಅಡ್ಡ ಮಲಗಿದ ಗೆರೆ. ಅಂದರೆ 1ನ್ನೇ ಕಾಲು ಸುತ್ತು ತಿರುಗಿಸಿದ್ದಾರೆ. 6 ನೋಡಿ. ಅಡ್ಡ ಗೆರೆಯ ಮೇಲೆ ನೆಟ್ಟಗೆರೆ, ಕೂಡಿಸುವ ಚಿಹ್ನೆಯ ಹಾಗೆ. 5ರ ಮೇಲೆ 1 ಬರೆದರೆ 6. 5ರ ಮೇಲೆ 2 ಬರೆದರೆ 7. 8ಕ್ಕೂ 9ಕ್ಕೂ ಹಾಗೇ. ಆಮೇಲೆ 10 ಬರುತ್ತದೆ: 2ನ್ನು ಕಾಲು ಸುತ್ತು ತಿರುಗಿಸಿದರೆ 10.

ತಿರುಗಿಸಿದರೆ ಐದರಷ್ಟು, ಒಂದರ ಮೇಲೊಂದು ಬರೆದರೆ ಕೂಡಿಕೆ. ಈ ಎರಡು ನಿಯಮ ಕಣ್ಣಿಗೆ ಬಿತ್ತು ಅಂದರೆ ಶಾಲೆಯಲ್ಲಿ ಕಲಿಸದ ಅಂಕಿಗಳು ತಾವಾಗಿಯೇ ಬರುತ್ತವೆ. 3 ತಿರುಗಿದರೆ 15. 4 ತಿರುಗಿದರೆ 20. ಉಳಿದದ್ದನ್ನೆಲ್ಲ ಇವುಗಳಿಂದ ಕಟ್ಟಬಹುದು. 13 ಅಂದರೆ ತಿರುಗಿದ 2ರ ಮೇಲೆ ನೇರ 3. 24 ಅಂದರೆ ತಿರುಗಿದ 4ರ ಮೇಲೆ ನೇರ 4.

ತಿರುಗಿಸುವ ದಿಕ್ಕು ಗಡಿಯಾರದ ಮುಳ್ಳಿಗೆ ವಿರುದ್ಧ. 1ಕ್ಕೆ ದಿಕ್ಕಿನ ಗೊಡವೆ ಇಲ್ಲ, ಯಾವ ಕಡೆ ತಿರುಗಿಸಿದರೂ ಅಡ್ಡ ಗೆರೆಯೇ. ಆದ್ದರಿಂದ ದಿಕ್ಕನ್ನು 5ರಿಂದ ಕಲಿಯೋಕೆ ಆಗೋದಿಲ್ಲ. 2 ಮತ್ತು 10ನ್ನು ಅಕ್ಕಪಕ್ಕ ಇಟ್ಟು ನೋಡಿ, ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಲ್ಲೇ ನೋಟ್‌ಬುಕ್‌ನಲ್ಲಿ 11ರಿಂದ 24ರ ತನಕ ನೀವೇ ಬರೆದುಬಿಡಿ. ಹತ್ತು ನಿಮಿಷದ ಕೆಲಸ. ಎರಡು ಚಿಹ್ನೆ ಬೇರೆಯಾಗಿ ನೆನಪಿಡಬೇಕು. ಸೊನ್ನೆಗೆ ಚೌಕದ ನಡುವೆ ಒಂದು ಚುಕ್ಕೆ. 25ಕ್ಕೆ ಗುಣಾಕಾರದ ಚಿಹ್ನೆಯ ಹಾಗೆ ಓರೆಯಾಗಿ ಹಾಯುವ ಎರಡು ಗೆರೆ. 6 ನೆಟ್ಟಗೆ, 25 ಓರೆ. ಅವಸರದಲ್ಲಿ ಬರೆದರೆ ಎರಡೂ ಒಂದೇ ತರ ಕಾಣುತ್ತವೆ, ಜೋಪಾನ.

ನಾಲ್ಕನೇ ಹೆಜ್ಜೆ: ಡೈರಿಯ ಐದು ಚೌಕ ಓದಿ

ಪ್ರತಿ ಚೌಕಕ್ಕೂ ಎರಡೇ ಪ್ರಶ್ನೆ ಕೇಳಿ. ಇದರಲ್ಲಿ ತಿರುಗಿದ ಭಾಗ ಯಾವುದು? ನೇರ ನಿಂತ ಭಾಗ ಯಾವುದು? ತಿರುಗಿದ್ದರ ಐದರಷ್ಟಕ್ಕೆ ನೇರ ಇರೋದನ್ನು ಕೂಡಿ.

ಒಂದು ಉದಾಹರಣೆ ಮಾಡೋಣ. ಮೊದಲ ಚೌಕದಲ್ಲಿ ನೇರ ಮೂಲೆಮಟ್ಟ ಮಾತ್ರ ಇದೆ: 4. ಎರಡನೆಯದರಲ್ಲಿ ಅಡ್ಡ ಗೆರೆ ಮತ್ತು ನೇರ ಬಿಲ್ಲು: 5, 2, ಒಟ್ಟು 7. ಮೂರನೆಯದರಲ್ಲಿ ತಿರುಗಿದ ಬಿಲ್ಲು, ನೆಟ್ಟ ಗೆರೆ: 10, 1, ಒಟ್ಟು 11. ನಾಲ್ಕನೆಯದರಲ್ಲಿ ತಿರುಗಿದ ಕೋನ, ನೇರ ಕೋನ: 15, 3, ಒಟ್ಟು 18. ಐದನೆಯದರಲ್ಲಿ ತಿರುಗಿದ ಮೂಲೆಮಟ್ಟ, ನೇರ ಕೋನ: 20, 3, ಒಟ್ಟು 23. ಕೋಡ್ 4, 7, 11, 18, 23.

ಈಗ ಆ ಬಾಣದ ವಿಷಯ. ಒಂದು ಸಲ ಡೈರಿಯ ಚಿಹ್ನೆಗಳನ್ನು ನೋಟ್‌ಬುಕ್ ಅಡ್ಡ ಹಿಡಿದು ಬರೆದುಕೊಂಡಿದ್ದೆ. ಮಾರನೇ ದಿನ ನೆಟ್ಟಗೆ ಹಿಡಿದು ಓದಿದೆ. ಬೀಗ ತೆಗೆಯಲಿಲ್ಲ. ಸಂಜೆಯೆಲ್ಲ ಗುಮ್ಮಟದಿಂದ ಪ್ರಯೋಗಾಲಯಕ್ಕೆ, ಪ್ರಯೋಗಾಲಯದಿಂದ ಗುಮ್ಮಟಕ್ಕೆ ಓಡಾಡಿದೆ. ಕೊನೆಗೆ ಕಾರಣ ಸಿಕ್ಕಿತು. 8 ಅಂದರೆ ಅಡ್ಡ ಗೆರೆ ಮತ್ತು ನೇರ ಕೋನ. 16 ಅಂದರೆ ತಿರುಗಿದ ಕೋನ ಮತ್ತು ನೆಟ್ಟ ಗೆರೆ. ಕಾಗದದ ಮೇಲೆ 8 ಬರೆದು ಕಾಗದವನ್ನೇ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ ನೋಡಿ. ಅದು 16 ಆಗಿರುತ್ತದೆ. ಹಾಗೇ 7 ತಿರುಗಿದರೆ 11, 9 ತಿರುಗಿದರೆ 21, 1 ತಿರುಗಿದರೆ 5. ಅಂಕಿಯ ಬೆಲೆಯೇ ಅದು ಯಾವ ಕಡೆಗೆ ನಿಂತಿದೆ ಅನ್ನೋದರ ಮೇಲೆ ಇರುವಾಗ ಪುಟದ ಮೇಲ್ಭಾಗ ಯಾವುದು ಅಂತ ಗೊತ್ತಿರಲೇಬೇಕು. ನಿಮ್ಮ ಉತ್ತರದಲ್ಲಿ 7, 8, 9, 11, 16, 21 ಈ ಆರರಲ್ಲಿ ಯಾವುದಾದರೂ ಇದ್ದರೆ ಆ ಚೌಕವನ್ನು ಮತ್ತೊಂದು ಸಲ ಡೈರಿಯ ಜೊತೆ ಹೋಲಿಸಿ.

ಐದನೇ ಹೆಜ್ಜೆ: ಬೀಗದ ಮೇಲೆ ಹಾಕಿ

ಗುಮ್ಮಟ ತಿರುಗುತ್ತಾ ಇರುತ್ತದೆ. ಹತ್ತಿರದಲ್ಲಿ ಇಣುಕಿ ನೋಡುವ ಒಂದು ಯಂತ್ರ ಇದೆ. ಅದರಲ್ಲಿ ಕಣ್ಣಿಟ್ಟು, ಬಂಗಾರದ ಬಣ್ಣದ ಚಿಹ್ನೆ ಎದುರಿಗೆ ಬಂದ ಕ್ಷಣದಲ್ಲಿ ಗುಂಡಿ ಒತ್ತಿದರೆ ಗುಮ್ಮಟ ನಿಲ್ಲುತ್ತದೆ. ಚಿಹ್ನೆ ಕಂಡ ಮೇಲೆ ಒತ್ತಿದರೆ ತಡ ಆಗಿರುತ್ತದೆ. ಎರಡು ಮೂರು ಸುತ್ತು ಬರೀ ನೋಡಿ, ತಾಳ ಹಿಡಿದುಕೊಂಡು ಆಮೇಲೆ ಒತ್ತಿ.

ಬೀಗದಲ್ಲಿ ಒಂದೇ ಹಳಿಯ ಮೇಲೆ ಐದು ಜಾರುಗುಂಡಿಗಳಿವೆ, ನಿಲ್ಲುವ ಜಾಗಗಳು 25. ಜಾರುಗುಂಡಿಗಳು ಒಂದನ್ನೊಂದು ದಾಟೋದಿಲ್ಲ. ಎಲ್ಲವೂ ಎಡಗಡೆ ಸೇರಿಕೊಂಡಿರುತ್ತವೆ. ಆದ್ದರಿಂದ ಬಲತುದಿಯದನ್ನು ಮೊದಲು ಸರಿಸಿ, ದೊಡ್ಡ ಅಂಕಿಗೆ ನಿಲ್ಲಿಸಿ. ನಮ್ಮ ಉದಾಹರಣೆಯಲ್ಲಿ ಅದು 23. ಆಮೇಲೆ 18, 11, 7, 4. ಜಾಗ ಎಣಿಸುವಾಗ ಎಡದಿಂದ ಐದೈದಾಗಿ ಎಣಿಸಿ, ತಪ್ಪೋದು ಕಡಿಮೆ. 23 ಅಂದರೆ ನಾಲ್ಕು ಐದು, ಆಮೇಲೆ ಮೂರು. ಅಂಕಿ ಓದಿದ ರೀತಿಯಲ್ಲೇ ಜಾಗವೂ ಸಿಗುತ್ತದೆ. ಐದೂ ಕೂತ ಮೇಲೆ ಗುಂಡಿ ಒತ್ತಿ.

ಇಲ್ಲಿ ಅಂಕಿಗಳ ಸರದಿ ಮುಖ್ಯ ಅಲ್ಲ, ಯಾವ ಐದು ಜಾಗ ತುಂಬಿದೆ ಅನ್ನೋದು ಮಾತ್ರ ಮುಖ್ಯ. ಊಹೆ ಮಾಡಿ ತೆಗೆಯೋಣ ಅಂದುಕೊಂಡರೆ 25ರಲ್ಲಿ 5 ಆರಿಸುವ ಬಗೆ 53,130 ಇವೆ. ಡೈರಿ ಓದೋದೇ ಹತ್ತಿರದ ದಾರಿ. ಎಲ್ಲ ದ್ವೀಪಗಳ ಗುಮ್ಮಟಕ್ಕೂ ಒಂದೇ ಕೋಡ್. ಬೀಗ ತೆಗೆದರೂ ಒಳಗಿನ ಪುಸ್ತಕ (ಮುಟ್ಟಿದರೆ ಬೇರೆ ಲೋಕಕ್ಕೆ ಕರೆದೊಯ್ಯುವಂಥದ್ದು) ಕೆಲಸ ಮಾಡದಿದ್ದರೆ ನಿಮ್ಮ ಕೋಡ್ ತಪ್ಪಾಗಿಲ್ಲ. ಗುಮ್ಮಟಕ್ಕೆ ಶಕ್ತಿ ಇನ್ನೂ ಬಂದಿಲ್ಲ ಅಷ್ಟೇ, ಅದಕ್ಕೆ ಬಣ್ಣದ ಗೋಲಿಗಳ ಒಗಟು ಬಿಡಿಸಬೇಕು.

ಗೋಲಿಗಳ ಹಲಗೆಯಲ್ಲೂ ಇದೇ ಐದರ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಹಲಗೆಯಲ್ಲಿ 25 ಸಾಲು, ಸಾಲಿಗೆ 25 ಗುಳಿ. ನಕ್ಷೆಯಲ್ಲಿ ಗುಮ್ಮಟ ಇರುವ ದೊಡ್ಡ ಚೌಕ ಯಾವುದು, ಆ ಚೌಕದೊಳಗೆ ಐದರಲ್ಲಿ ಎಷ್ಟನೇ ಸಣ್ಣ ಮನೆ ಅಂತ ಗುರುತಿಸಿ. ಎಡದಿಂದ ನಾಲ್ಕನೇ ದೊಡ್ಡ ಚೌಕದ ಎರಡನೇ ಮನೆ ಅಂದರೆ ಅದಕ್ಕೆ ಮುಂಚೆ ಮೂರು ದೊಡ್ಡ ಚೌಕ ಮುಗಿದಿವೆ, 15. ಅದಕ್ಕೆ 2 ಸೇರಿಸಿದರೆ 17ನೇ ಗುಳಿ. ‘ನಾಲ್ಕನೇ’ ಅಂತ ಇರೋದರಿಂದ 4ನ್ನು ಐದರಿಂದ ಗುಣಿಸಿಬಿಟ್ಟರೆ ಗೋಲಿ ಪಕ್ಕದ ಚೌಕಕ್ಕೆ ಹೋಗಿ ಕೂರುತ್ತದೆ.

ಚೌಕಗಳು ಜೋಡಿಯಾಗಿ ಬಂದರೆ

ಗುಮ್ಮಟದ ಕೋಡ್‌ಗೆ ಇದು ಬೇಕಾಗೋದಿಲ್ಲ. ಆದರೆ ಇಷ್ಟು ದೂರ ಬಂದವರು ಇದನ್ನು ಬಿಡಬಾರದು, ಲೆಕ್ಕದ ಚೆಂದ ಪೂರ್ತಿ ಕಾಣೋದು ಇಲ್ಲೇ. ಎರಡು ಚೌಕ ನಡುವಿನ ಗೋಡೆ ಹಂಚಿಕೊಂಡು ಅಂಟಿ ನಿಂತರೆ ಅದು ಎರಡು ಮನೆಯ ಸಂಖ್ಯೆ. ಬಲದ ಮನೆಗೆ 1ರ ಬೆಲೆ, ಎಡದ ಮನೆಗೆ 25ರ ಬೆಲೆ, ಇನ್ನೂ ಎಡಕ್ಕೆ ಒಂದು ಇದ್ದರೆ 625ರ ಬೆಲೆ. ಮತ್ತೆ ಆಣೆ ರೂಪಾಯಿಯೇ.

ಗೆನ್ ವಾಸ ಮಾಡೋದು ತಾನು ಬರೆದ 233ನೇ ಯುಗದಲ್ಲಿ (ಈ ಆಟದಲ್ಲಿ ಯುಗ ಅಂದರೆ ಪುಸ್ತಕ ಬರೆದು ತಲುಪುವ ಒಂದು ಲೋಕ). 233ನ್ನು ಡನೀಯಲ್ಲಿ ಬರೆಯೋಣ. 233ರಲ್ಲಿ 25 ಎಷ್ಟು ಸಲ? ಒಂಬತ್ತು ಸಲ, 225. ಉಳಿದದ್ದು 8. ಎಡ ಚೌಕದಲ್ಲಿ 9, ಬಲ ಚೌಕದಲ್ಲಿ 8. ಅಂದರೆ ಎಡಕ್ಕೆ ಅಡ್ಡ ಗೆರೆ ಮತ್ತು ಮೂಲೆಮಟ್ಟ, ಬಲಕ್ಕೆ ಅಡ್ಡ ಗೆರೆ ಮತ್ತು ಕೋನ. ನಿಮ್ಮ ವಯಸ್ಸು, ಮನೆ ನಂಬರ್ ಹೀಗೆ ಬರೆದು ನೋಡಿ. ಒಂದು ಸಂಜೆಯಲ್ಲಿ ಕೈಗೆ ಹತ್ತಿಬಿಡುತ್ತದೆ.

ಗೆನ್‌ಗೆ ಐದರ ಮೇಲೆ ಹುಚ್ಚು. ರಿವೆನ್ ಅವನ ಐದನೇ ಯುಗ. ದ್ವೀಪ ಐದು, ಗುಮ್ಮಟ ಐದು, ಕೋಡ್‌ನಲ್ಲಿ ಅಂಕಿ ಐದು. ಎಲ್ಲಾದರೂ ಸಿಕ್ಕಿಕೊಂಡರೆ ‘ಇಲ್ಲಿ ಐದು ಎಲ್ಲಿದೆ?’ ಅಂತ ಕೇಳಿಕೊಳ್ಳಿ. ತುಂಬಾ ಸಲ ದಾರಿ ಸಿಗುತ್ತದೆ.

ಸರದಿ ಮುಖ್ಯ ಆಗುವ ಜಾಗಗಳು

ದ್ವೀಪಗಳಲ್ಲಿ ಅಲ್ಲಲ್ಲಿ ಮರದ ಕಣ್ಣುಗುಡ್ಡೆಗಳು ಸಿಗುತ್ತವೆ. ತಿರುಗಿಸಿದರೆ ಒಂದು ಪ್ರಾಣಿಯ ದನಿ, ಹಿಂದುಗಡೆ ಒಂದು ಡನೀ ಅಂಕಿ. ಅಂಕಿ ಹೇಳೋದು ಸರದಿಯನ್ನು: ಎಷ್ಟನೆಯದಾಗಿ ಆ ಪ್ರಾಣಿಯ ಚಿತ್ರ ಇರುವ ಕಲ್ಲನ್ನು ಒತ್ತಬೇಕು ಅಂತ. ಕಲ್ಲುಗಳು 25, ಒತ್ತಬೇಕಾದ್ದು 5. ಒಂದು ಕಣ್ಣಿನ ಅಂಕಿ ಸರಿಯಾಗಿ ಸಿಗದಿದ್ದರೂ ನಾಲ್ಕು ಗೊತ್ತಿದ್ದರೆ ಉಳಿದ ಸರದಿ ಯಾವುದು ಅಂತ ತಾನಾಗೇ ಗೊತ್ತಾಗುತ್ತದೆ. ಪ್ರಾಣಿಯ ಆಕಾರ ತಿಳಿಯೋಕೆ ಕಣ್ಣಿದ್ದ ಜಾಗದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ.

ದೂರದರ್ಶಕದ ಬಳಿಯ ಮುಚ್ಚಳಕ್ಕೂ ಒಂದು ಕೋಡ್ ಇದೆ, ಗೆನ್ ಸೆರೆಯಲ್ಲಿಟ್ಟಿರುವ ಕ್ಯಾಥರೀನ್ ಅನ್ನೋಳ ಡೈರಿಯಲ್ಲಿ. ಅಲ್ಲಿ ಐದು ಗುಂಡಿ, ಐದು ಸಲ ಒತ್ತಬೇಕು, ಡೈರಿಯಲ್ಲಿ ಇರುವ ಸರದಿಯಲ್ಲೇ. ಇದೂ ಪ್ರತಿ ಆಟಕ್ಕೆ ಬೇರೆ. ಅಂಕಿಗಳು 5ರ ಒಳಗೇ ಇರೋದರಿಂದ ಓದೋದು ಸುಲಭ. ಆದರೆ ಕೋಡ್ ಸಿಕ್ಕಿತು ಅಂತ ಕೂಡಲೇ ಹೋಗಿ ತೆರೆಯಬೇಡಿ. ಆಗಬೇಕಾದ ಕೆಲಸ ಆಗುವ ಮೊದಲೇ ತೆರೆದರೆ ಕಥೆ ಕೆಟ್ಟದಾಗಿ ಮುಗಿಯುತ್ತದೆ. ಆಟ ಸೇವ್ ಮಾಡಿಟ್ಟುಕೊಳ್ಳಿ.

ಬೇರೆ ಆಟದಲ್ಲಿ ಇಂಥದ್ದು ಎದುರಾದರೆ

ಇದೇ ಸಯಾನ್ 2016ರಲ್ಲಿ ಒಬ್‌ಡಕ್ಷನ್ ಅನ್ನೋ ಆಟ ತಂದಿತು. ಅಲ್ಲಿ ವಿಲೇನ್ ಜನರ ಅಂಕಿಗಳು ನಾಲ್ಕರ ಬುನಾದಿಯವು. ಚಿಹ್ನೆಗಳು ಪೂರ್ತಿ ಬೇರೆ, ಹಿಡಿಯುವ ದಾರಿ ಮಾತ್ರ ಇದೇ.

ಮೊದಲು ಒಂದೊಂದಾಗಿ ಏರುವ ಸಾಧನ ಹುಡುಕಿ: ಆಟಿಕೆ, ಮೀಟರು, ಗಡಿಯಾರ, ಮೆಟ್ಟಿಲ ಮೇಲಿನ ಗುರುತು, ಏನಾದರೂ. ಸೊನ್ನೆಯಿಂದ ಶುರು ಮಾಡಿ ಎಣಿಸುತ್ತಾ ಹೋಗಿ. ಎರಡನೇ ಮನೆ ಮೊದಲ ಸಲ ತೆರೆದುಕೊಳ್ಳುವುದು ಎಷ್ಟನೇ ಒತ್ತಿಗೋ ಅದೇ ಬುನಾದಿ. ನಮ್ಮಲ್ಲಿ ಹತ್ತನೇ ಒತ್ತಿಗೆ 10 ಬರುತ್ತದೆ. ನಾಲ್ಕನೇ ಒತ್ತಿಗೇ ಹೊಸ ಮನೆ ತೆರೆದರೆ ಬುನಾದಿ ನಾಲ್ಕು. ಎರಡನೇ ಒತ್ತಿಗೇ ತೆರೆದರೆ ಬುನಾದಿ ಎರಡು. ಸಾಲಾಗಿ ದೀಪಗಳು ಉರಿದು ಆರುವ ಒಗಟುಗಳು ಸಾಮಾನ್ಯವಾಗಿ ಈ ಎರಡರ ಲೆಕ್ಕ. ಬಲದಿಂದ 1, 2, 4, 8, 16 ಅಂತ ಬೆಲೆ ಕೊಟ್ಟು ಉರಿಯುತ್ತಿರುವ ದೀಪಗಳ ಬೆಲೆ ಮಾತ್ರ ಕೂಡಿ. ಅರ್ಥ ಬರದಿದ್ದರೆ ಎಡದಿಂದ ಕೊಟ್ಟು ನೋಡಿ.

ಏರುವ ಸಾಧನ ಸಿಗದಿದ್ದರೆ ಬಿಡಿ ಅಂಕಿಗಳನ್ನು ಎಣಿಸಿ. ಎಲ್ಲ ಕಡೆ ಸುತ್ತಿ ಬಂದಾಗ ನೋಟ್‌ಬುಕ್‌ನಲ್ಲಿ ಎಂಟು ಬೇರೆ ಬೇರೆ ಚಿಹ್ನೆ ಇದ್ದರೆ ಬುನಾದಿ ಎಂಟಕ್ಕಿಂತ ಕಡಿಮೆ ಇರಲಾರದು. ಒಂದು ಊಹೆ ಇಟ್ಟುಕೊಂಡು ಉತ್ತರ ಗೊತ್ತಿರುವ ಜಾಗದಲ್ಲಿ ಪರೀಕ್ಷೆ ಮಾಡಿ: ಕಿಟಕಿಗಳನ್ನು ಎಣಿಸಬಹುದಾದ ಮನೆಯ ಮುಂದಿನ ಫಲಕ, ಹಲ್ಲು ಎಣಿಸಬಹುದಾದ ಚಕ್ರದ ಮೇಲಿನ ಗುರುತು. ಎರಡು ಕಡೆ ಹೊಂದಿದರೆ ನಂಬಬಹುದು. ಒಂದೇ ಕಡೆ ಹೊಂದಿದರೆ ಇನ್ನೊಂದು ಜಾಗ ಹುಡುಕಿ, ಆಮೇಲೆ ಬೀಗಕ್ಕೆ ಕೈ ಹಾಕಿ.